ಆರಿಸುವವನ ಕಲೆ

ಹೂವನ್ನು ಬೆಳೆದವನೊಬ್ಬ, ಮಾಲೆಯನ್ನು ಕಟ್ಟಿದವನೊಬ್ಬ. ಬೆಳೆದವನ ಶ್ರಮವನ್ನು ಎಲ್ಲರೂ ಕೊಂಡಾಡುತ್ತಾರೆ. ಕಟ್ಟಿದವನಿಗೆ ಕೂಲಿ ಸಲ್ಲುತ್ತದೆಯೇ ಹೊರತು ಹೆಸರು ಸಲ್ಲುವುದಿಲ್ಲ. ಸಾಹಿತ್ಯದಲ್ಲಿಯೂ ಸಂಗೀತದಲ್ಲಿಯೂ ಸಂಕಲನಕಾರನ ಪಾಡು ಬಹುಮಟ್ಟಿಗೆ ಇದೇ ಆಗಿದೆ. “ಇನ್ನೊಬ್ಬರು ಹಾಡಿದ ಹಾಡುಗಳನ್ನು ಸಾಲಾಗಿ ಇಡುವುದರಲ್ಲಿ ಏನು ದೊಡ್ಡಸ್ತಿಕೆ? ಈಗ ಆ ಕೆಲಸವನ್ನು ಯಂತ್ರವೇ ಮಾಡುತ್ತದೆಯಲ್ಲ!” ಎಂದು ಮಿತ್ರರೊಬ್ಬರು ಈಚೆಗೆ ಕೇಳಿದರು. ಅವರ ಪ್ರಶ್ನೆಯು ಹಗುರವಾದುದಲ್ಲ. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಆರಿಸುವಿಕೆಯೂ ಒಂದು ರಚನೆಯೆಂಬ ಭಾವನೆ ಕನ್ನಡಿಗರಿಗೆ ಹೊಸದಲ್ಲ. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿ, ತನಗೆ ಹಿಂದಿನ ಕವಿಗಳ ಕಾವ್ಯಗಳಿಂದ ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದ ವರ್ಣನೆಗಳ ಮೇರೆಗೆ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ವನ್ನು ಕೂಡಿಸಿದನು. ಮುಂದೆ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬೇರೆ ಬೇರೆ ಶರಣರ ವಚನಗಳನ್ನು ಪ್ರಶ್ನೋತ್ತರಗಳಾಗುವಂತೆ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದನು. ಅಲ್ಲಿ ವಚನಗಳು ಶರಣರವು. ಆದರೆ ಒಂದು ವಚನದ ಬಳಿಕ ಇನ್ನೊಂದು ಬಂದಾಗ ಮಿಂಚುವ ಅರ್ಥವು ಜೋಡಿಸಿದವನದು. ಇದನ್ನು ಒಪ್ಪುವವರು, ಹಾಡುಗಳ ವಿಷಯದಲ್ಲಿ ಮಾತ್ರ ಒಪ್ಪದಿರಲು ಕಾರಣವಿಲ್ಲ. ಹಾಡುಗಳ ಸಂಕಲನದಲ್ಲಿ ಈ ಕಲೆಯು ಅತ್ಯಂತ ಸ್ಪಷ್ಟವಾಗಿ ಕಾಣುವ ಕೃತಿ ಯಾವುದೆಂದು ಕೇಳಿದರೆ, ನಾನು ಅಮೆರಿಕದ ಹ್ಯಾರಿ ಸ್ಮಿತ್ ಎಂಬವನು 1952ರಲ್ಲಿ ಹೊರತಂದ ‘ಅಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’ ಎಂಬ ಜನಪದ ಸಂಗೀತ ಸಂಕಲನವನ್ನು ತೋರಿಸುತ್ತೇನೆ. ಇದರಲ್ಲಿ ಸ್ಮಿತ್ತನು ಹಾಡಿದ ಒಂದು ಸ್ವರವೂ ಇಲ್ಲ. ಆದರೂ ಇದು ಅವನ ಕೃತಿಯೇ.

ಸ್ಮಿತ್ತನು 1923ರಲ್ಲಿ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಹುಟ್ಟಿ, ವಾಷಿಂಗ್ಟನ್ ಸಂಸ್ಥಾನದ ಸಣ್ಣ ಊರುಗಳಲ್ಲಿ ಬೆಳೆದವನು. ಹುಡುಗನಾಗಿದ್ದಾಗಲೇ ನೆರೆಯ ಲಮ್ಮಿ ಬುಡಕಟ್ಟಿನವರ ಆಚರಣೆಗಳಿಗೆ ಹೋಗಿ ಅವರ ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದನು. ಮುಂದೆ ಚಿತ್ರಕಾರನೂ ಚಲನಚಿತ್ರಕಾರನೂ ಆದನು. ಕೂಡಿಹಾಕುವುದು ಅವನ ಹುಟ್ಟುಗುಣ. ಬೀದಿಯಲ್ಲಿ ಬಿದ್ದ ಕಾಗದದ ವಿಮಾನಗಳು, ಉಕ್ರೇನಿನ ಚಿತ್ತಾರದ ಮೊಟ್ಟೆಗಳು, ದಾರವನ್ನು ಬೆರಳುಗಳಲ್ಲಿ ಸುತ್ತಿ ಮಾಡುವ ಆಕೃತಿಗಳು, ಇವೆಲ್ಲವೂ ಅವನ ಸಂಗ್ರಹದಲ್ಲಿದ್ದುವು. ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು ಅವನಿಗೆ 1940ರ ಸುಮಾರಿಗೆ ಹಿಡಿಯಿತು. ಆಗ ಯುದ್ಧಕಾಲ. ತಟ್ಟೆಗಳನ್ನು ಮಾಡುವ ಅರಗು ದುರ್ಲಭವಾಗಿ, ಹಳೆಯ ತಟ್ಟೆಗಳನ್ನು ಒಡೆದು ಕರಗಿಸಲು ಕೂಡಿಹಾಕುತ್ತಿದ್ದರು. ಹತ್ತು ಹದಿನೈದು ವರ್ಷಗಳ ಹಿಂದೆ ಹಳ್ಳಿಯ ಗಾಯಕರು ಹಾಡಿ, ಸ್ವಲ್ಪ ಮಾರಾಟವಾಗಿ, ಮರೆತುಹೋದ ಹಾಡುಗಳು ಹೀಗೆ ಮಣ್ಣುಪಾಲಾಗುತ್ತಿದ್ದ ಸಮಯದಲ್ಲಿ, ಈ ಯುವಕನು ಅವುಗಳನ್ನು ಸಾವಿರಗಟ್ಟಲೆ ಕೊಂಡು ಉಳಿಸಿದನು. ಕೈಯಲ್ಲಿ ಹಣವಿಲ್ಲದೆ ಹೋದಾಗ ಸಂಗ್ರಹವನ್ನು ಮಾರಲೆಂದು ನ್ಯೂಯಾರ್ಕಿನ ಫೋಕ್‌ವೇಸ್ ಸಂಸ್ಥೆಯ ಮೋಸೆಸ್ ಆಶ್ ಎಂಬವರಲ್ಲಿಗೆ ಹೋದನು. ಅವರು, ತಟ್ಟೆಗಳನ್ನು ಮಾರುವುದಕ್ಕಿಂತ ಅವುಗಳಿಂದ ಒಂದು ಸಂಕಲನವನ್ನು ಮಾಡೆಂದು ಹೇಳಿ ಅವನನ್ನು ಕೂರಿಸಿದರು. ಆಗ ಅವನಿಗೆ ಮೂವತ್ತು ವರ್ಷ ತುಂಬಿರಲಿಲ್ಲ.

ಇಲ್ಲಿ ಯಂತ್ರದ ಸಂಗತಿಯೊಂದನ್ನು ಹೇಳುವುದು ಅವಶ್ಯಕ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಒಂದೇ ಹಾಡು. ಅದು ಮುಗಿದೊಡನೆ ಕೇಳುವವನು ಎದ್ದು ತಟ್ಟೆಯನ್ನು ಬದಲಾಯಿಸಬೇಕು. ಮುಂದೆ ಯಾವುದು ಎಂಬುದು ಅವನ ಇಚ್ಛೆಗೆ ಬಿಟ್ಟದ್ದು. 1948ರಲ್ಲಿ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ತಂದಿತು. ಅದರ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಆರು ಏಳು ಹಾಡುಗಳು ಒಂದರ ಬೆನ್ನಿಗೆ ಒಂದು, ನಡುವೆ ಯಾರೂ ಏಳದೆ, ಕಿವಿಗೆ ಬೀಳುವುದು ಆಗ ಸಾಧ್ಯವಾಯಿತು. ಅನುಕ್ರಮವೆಂಬುದು ಕಲೆಯ ಸಾಧನವಾದದ್ದು ಹೀಗೆ. ಸ್ಮಿತ್ತನು ಈ ಸಾಧನವನ್ನು ಕಂಡ ಕೂಡಲೇ ಅದರ ಶಕ್ತಿಯನ್ನು ತಿಳಿದನು. ಆದುದರಿಂದ, ಈ ಲೇಖನದಲ್ಲಿ ಯಂತ್ರವನ್ನು ನಿಂದಿಸುವ ಮಾತು ಬಂದರೆ ವಾಚಕರು ಇದನ್ನು ನೆನಪಿನಲ್ಲಿಡಬೇಕು: ವಿದ್ಯುತ್ತಿನ ಧ್ವನಿಗ್ರಾಹಕವೂ ದೀರ್ಘವಾದನದ ತಟ್ಟೆಯೂ ಇಲ್ಲದಿದ್ದರೆ ಈ ಕೃತಿಯೇ ಇರುತ್ತಿರಲಿಲ್ಲ.

ಸಂಕಲನದಲ್ಲಿ ಇರುವುದು 84 ಮುದ್ರಿಕೆಗಳು, ಆರು ತಟ್ಟೆಗಳು, ಮೂರು ಭಾಗಗಳು. ಮೊದಲನೆಯದು ಕಥನಗೀತಗಳು, ಎರಡನೆಯದು ಸಮುದಾಯದ ಸಂಗೀತ, ಮೂರನೆಯದು ಹಾಡುಗಳು. ತಾನು ಆರಿಸಿದ ಕಾಲವನ್ನು ಸ್ಮಿತ್ತನು ಮುನ್ನುಡಿಯಲ್ಲಿ 1927ರಿಂದ 1932ರವರೆಗೆಂದು ಹೇಳಿ ಕಾರಣವನ್ನೂ ಕೊಡುತ್ತಾನೆ. ಮೊದಲನೆಯ ವರ್ಷದ ಹೊತ್ತಿಗೆ ವಿದ್ಯುತ್ತಿನಿಂದ ಧ್ವನಿಯನ್ನು ನಿಖರವಾಗಿ ಹಿಡಿಯುವುದು ಸಾಧ್ಯವಾಗಿತ್ತು. ಕೊನೆಯ ವರ್ಷದ ಹೊತ್ತಿಗೆ ಆರ್ಥಿಕ ಮುಗ್ಗಟ್ಟು ಜನಪದ ತಟ್ಟೆಗಳ ಮಾರಾಟವನ್ನು ನಿಲ್ಲಿಸಿತ್ತು. ಹಾಡುಗಳಿಗೆ 1ರಿಂದ 84ರವರೆಗೆ ಒಂದೇ ಎಣಿಕೆಯಲ್ಲಿ ಅಂಕೆ ಕೊಟ್ಟಿದ್ದಾನೆ. ಇದೆಲ್ಲವೂ ಒಂದೇ ಮಾಲೆ ಎಂಬುದಕ್ಕೆ ಇದೊಂದು ಗುರುತು.

ಮೊದಲನೆಯ ಭಾಗದ ಕಟ್ಟನ್ನು ನೋಡಬೇಕು. ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಬ್ರಿಟನ್ನಿನ ಹಳೆಯ ಕಥನಗೀತಗಳು ಮೊದಲು ಬರುತ್ತವೆ. ಆ ಬಳಿಕ ಅಮೆರಿಕದ ಮಣ್ಣಿನಲ್ಲಿ ನಡೆದ ಘಟನೆಗಳ ಗೀತಗಳು ಹೆಚ್ಚು ಕಡಮೆ ಕಾಲಕ್ರಮದಲ್ಲಿ ಸಾಗುತ್ತವೆ: ಅಧ್ಯಕ್ಷ ಗಾರ್ಫೀಲ್ಡರನ್ನು 1881ರಲ್ಲಿ ಕೊಂದವನ ಕಥೆ, ಅಧ್ಯಕ್ಷ ಮೆಕಿನ್ಲಿಯವರ 1901ರ ಕೊಲೆಯ ಕಥೆ, 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಕಥೆ, ರೈಲುಗಳ ಅಪಘಾತ. ಕಡೆಯ ಮೂರು ಹಾಡುಗಳು ಬೇಸಾಯಗಾರನವು. ಒಂದರಲ್ಲಿ ಗೇಣಿದಾರನನ್ನು ಹಿಂಡುವ ಭೂಮಾಲೀಕ. ಇನ್ನೊಂದರಲ್ಲಿ ಹತ್ತಿಯ ಕಾಯನ್ನು ಕೊರೆದು ಬೆಳೆಯನ್ನು ಹಾಳುಮಾಡುವ ಹುಳು. ಮತ್ತೊಂದರಲ್ಲಿ, ಸಾಕಪ್ಪಾ ಈ ಹೊಲದ ಬಾಳು ಎಂಬ ನಿಟ್ಟುಸಿರು. ಹಳೆಯ ಕಥನಗೀತಗಳ ಕೊಲೆಯಿಂದ ಹೊರಟ ಕಥೆಯು ಸಾಲಗಾರ ರೈತನ ಹೊಲದಲ್ಲಿ ಬಂದು ನಿಲ್ಲುತ್ತದೆ. ಯಾವ ಚರಿತ್ರಕಾರನೂ ಒಂದು ವಾಕ್ಯವನ್ನು ಬರೆಯದೆ ಒಂದು ದೇಶದ ಮೂರು ಶತಮಾನಗಳು ನಮ್ಮ ಮುಂದೆ ಹಾದುಹೋಗುತ್ತವೆ.

ಇನ್ನೂ ಸೂಕ್ಷ್ಮವಾದದ್ದು ಪಕ್ಕಪಕ್ಕದ ಹಾಡುಗಳ ಸಂಬಂಧ. ಮೂರನೆಯದು ಟೆನೆಸಿಯ ಕ್ಲಾರೆನ್ಸ್ ಆಶ್ಲೆಯು ಬ್ಯಾಂಜೊ ನುಡಿಸಿ ಹಾಡಿದ ‘ಹೌಸ್ ಕಾರ್ಪೆಂಟರ್’. ಬಡಗಿಯ ಹೆಂಡತಿಯೊಬ್ಬಳು ಹಳೆಯ ಪ್ರಿಯನ ಮಾತಿಗೆ ಮರುಳಾಗಿ, ಗಂಡನನ್ನೂ ಎಳೆಯ ಮಗುವನ್ನೂ ಬಿಟ್ಟು ಹಡಗು ಹತ್ತುತ್ತಾಳೆ, ಸಮುದ್ರದ ನಡುವೆ ಮಗುವಿಗಾಗಿ ಅಳುತ್ತಾಳೆ, ಹಡಗು ಮುಳುಗುತ್ತದೆ. ಆಶ್ಲೆಯ ಕಂಠದಲ್ಲಿ ಕಣ್ಣೀರಿಲ್ಲ. ನಡೆದದ್ದನ್ನು ನಡೆದಂತೆ ಹೇಳುವ ಕಠಿಣವಾದ ಸಮಸ್ವರ. ಅದರ ಬೆನ್ನಿಗೆ ಬರುವ ನಾಲ್ಕನೆಯದು ಡಲ್ಲಾಸಿನ ಕಪ್ಪು ಗಾಯಕ ಕೋಲಿ ಜೋನ್ಸನದು. ಕುಡಿದು ಮನೆಗೆ ಬಂದ ಗಂಡನು ತನ್ನ ಲಾಯದಲ್ಲಿ ಬೇರೊಬ್ಬನ ಕುದುರೆಯನ್ನು ಕಂಡು ಕೇಳಿದರೆ, ಹೆಂಡತಿಯು ಅದು ಹಸುವೆಂದು ನಂಬಿಸಲು ನೋಡುತ್ತಾಳೆ. ಐದನೆಯದರಲ್ಲಿ ಸೈತಾನನು ರೈತನೊಬ್ಬನ ಗಯ್ಯಾಳಿ ಹೆಂಡತಿಯನ್ನು ನರಕಕ್ಕೆ ಹೊತ್ತುಕೊಂಡು ಹೋಗುತ್ತಾನೆ. ಅವಳು ಅಲ್ಲಿ ಮರಿಸೈತಾನರನ್ನೆಲ್ಲ ಬಡಿಯಲು, ತಾಳಲಾರದೆ ಮರಳಿ ತಂದು ಬಿಡುತ್ತಾನೆ. ದಾಂಪತ್ಯವೆಂಬ ಒಂದೇ ವಸ್ತು. ಮೊದಲು ಕರುಣ, ಆಮೇಲೆ ಹಾಸ್ಯ, ಆಮೇಲೆ ಅದ್ಭುತಮಿಶ್ರವಾದ ಹಾಸ್ಯ. ಬಿಳಿಯನ ಹಾಡಿನ ಪಕ್ಕದಲ್ಲಿ ಕರಿಯನ ಹಾಡು, ಬ್ಯಾಂಜೊದ ಪಕ್ಕದಲ್ಲಿ ಗಿಟಾರು. ನಾದದಲ್ಲಿ ಒಂದಕ್ಕೊಂದು ದೂರ, ಬಾಳಿನಲ್ಲಿ ಒಂದಕ್ಕೊಂದು ಹತ್ತಿರ. ಬರಿಯ ಸ್ವರಸಾದೃಶ್ಯವನ್ನು ನೋಡಿ ಪೋಣಿಸುವವನಿಗೆ ಈ ಸಾಲು ಹೊಳೆಯಲಾರದು.

ಈ ನೆರೆಹೊರೆಯ ಬೆಲೆಯನ್ನು ತಿಳಿಯಬೇಕಾದರೆ ಆ ಕಾಲದ ವ್ಯಾಪಾರವನ್ನು ನೆನೆಯಬೇಕು. 1920ರ ದಶಕದಲ್ಲಿ ತಟ್ಟೆಯ ಕಂಪೆನಿಗಳು ಕರಿಯರಿಗಾಗಿ ಒಂದು ಪಟ್ಟಿಯನ್ನೂ ಬೆಟ್ಟಸೀಮೆಯ ಬಿಳಿಯರಿಗಾಗಿ ಇನ್ನೊಂದು ಪಟ್ಟಿಯನ್ನೂ ಇಟ್ಟಿದ್ದುವು. ಕೊಲಂಬಿಯಾದಲ್ಲಿ ಮೊದಲನೆಯದಕ್ಕೆ 14000ದ ಸಾಲು, ಎರಡನೆಯದಕ್ಕೆ 15000ದ ಸಾಲು; ಓಕೇ ಸಂಸ್ಥೆಯಲ್ಲಿ 8000 ಮತ್ತು 45000. ಹಾಡುವವರು ಒಬ್ಬರಿಂದೊಬ್ಬರು ಹಾಡು ಕಲಿಯುತ್ತಿದ್ದರು. ಮಾರುವವರು ಮಾತ್ರ ಬೇಲಿ ಹಾಕಿದ್ದರು. ‘ನಿನ್ನಂಥವನಿಗೆ ಇಂಥದೇ ಸೇರುತ್ತದೆ’ ಎಂದು ಮೊದಲೇ ತೀರ್ಮಾನಿಸಿ ಸರಕನ್ನು ಮುಂದಿಡುವ ಪದ್ಧತಿಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಅದು ಅಂಗಡಿಯವನ ಹಳೆಯ ಪದ್ಧತಿ. ಸ್ಮಿತ್ತನು ಮಾಡಿದ ಅತಿ ಮುಖ್ಯವಾದ ಕೆಲಸವೆಂದರೆ ಈ ಬೇಲಿಯನ್ನು ಕಿತ್ತದ್ದು. ಅವನ ಕೈಪಿಡಿಯಲ್ಲಿ ಗಾಯಕನ ಹೆಸರು, ಮುದ್ರಣದ ವರ್ಷ, ತಟ್ಟೆಯ ಸಂಖ್ಯೆ, ಹಾಡಿನ ಇತರ ಪಾಠಗಳು, ಎಲ್ಲವೂ ಇವೆ. ಕಥೆಯನ್ನು ವೃತ್ತಪತ್ರಿಕೆಯ ತಲೆಬರಹದಂತೆ ಒಂದೆರಡು ಸಾಲಿನಲ್ಲಿ ನಗೆ ಬರುವಂತೆ ಹೇಳಿದ್ದಾನೆ. ಆದರೆ ಯಾರು ಕರಿಯರು ಯಾರು ಬಿಳಿಯರು ಎಂಬುದನ್ನು ಮಾತ್ರ ಎಲ್ಲಿಯೂ ಹೇಳಿಲ್ಲ. 1952ರ ಅಮೆರಿಕದಲ್ಲಿ, ಶಾಲೆಗಳಲ್ಲಿಯೂ ವಾಹನಗಳಲ್ಲಿಯೂ ವರ್ಣಭೇದವು ಕಾನೂನಾಗಿದ್ದ ಕಾಲದಲ್ಲಿ, ಈ ಮೌನವು ಸಣ್ಣ ಮಾತಲ್ಲ.

ಆ ಮೌನದ ಫಲವನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಮಿಸಿಸಿಪಿಯ ಅವಲಾನ್ ಎಂಬ ಹಳ್ಳಿಯ ಜಾನ್ ಹರ್ಟ್ ಎಂಬ ಕರಿಯ ಕೃಷಿಕನು 1928ರಲ್ಲಿ ಓಕೇ ಸಂಸ್ಥೆಗಾಗಿ ಕೆಲವು ಹಾಡುಗಳನ್ನು ಹಾಡಿದನು. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಅವನು ಹೊಲಕ್ಕೆ ಮರಳಿದನು. ಸ್ಮಿತ್ತನು ಅವನ ಎರಡು ಹಾಡುಗಳನ್ನು, 21ನೆಯದಾಗಿ ‘ಫ್ರಾಂಕಿ’ಯನ್ನೂ ಕೊನೆಯ ತಟ್ಟೆಯಲ್ಲಿ ‘ಸ್ಪೈಕ್ ಡ್ರೈವರ್ ಬ್ಲೂಸ್’ ಎಂಬುದನ್ನೂ, ಸೇರಿಸಿದನು. ಆ ಮೃದುವಾದ ಧ್ವನಿಯನ್ನೂ ಬೆರಳುಗಳ ಆ ನಿರಾಯಾಸವಾದ ನಡೆಯನ್ನೂ ಕೇಳಿದ ಎಷ್ಟೋ ಜನ ತರುಣರು, ಇವನು ಬೆಟ್ಟಸೀಮೆಯ ಬಿಳಿಯನೆಂದೇ ಬಹುಕಾಲ ತಿಳಿದಿದ್ದರು. ಕಿವಿಯು ಪಕ್ಷಪಾತವಿಲ್ಲದೆ ಕೇಳಿತ್ತು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಯುವಕನು ಹರ್ಟನ ಇನ್ನೊಂದು ತಟ್ಟೆಯಲ್ಲಿ ಅವಲಾನಿನ ಹೆಸರನ್ನು ಕೇಳಿ, ಅದರ ಜಾಡನ್ನು ಹಿಡಿದು ಹೋಗಿ ಅವನನ್ನು ಅದೇ ಊರಿನಲ್ಲಿ ಕಂಡನು. ಎಪ್ಪತ್ತರ ಹತ್ತಿರ ಬಂದಿದ್ದ ಆ ಮುದುಕನು ಅದೇ ವರ್ಷ ನ್ಯೂಪೋರ್ಟಿನ ಜಾನಪದೋತ್ಸವದಲ್ಲಿ ಸಾವಿರಾರು ಜನರ ಮುಂದೆ ಹಾಡಿದನು, 1966ರಲ್ಲಿ ತೀರಿಕೊಂಡನು. ಕಡೆಯ ಮೂರು ವರ್ಷಗಳಾದರೂ ಅವನಿಗೆ ಕಿವಿಗೊಡುವವರು ಸಿಕ್ಕಿದರು. ಕ್ಲಾರೆನ್ಸ್ ಆಶ್ಲೆ, ಡಾಕ್ ಬಾಗ್ಸ್ ಇವರೂ ಹೀಗೆಯೇ ಮರಳಿ ಬೆಳಕಿಗೆ ಬಂದವರು. 1962ರಲ್ಲಿ ಹೊರಬಂದ ಬಾಬ್ ಡಿಲನ್ನನ ಮೊದಲನೆಯ ತಟ್ಟೆಯಲ್ಲಿ ಈ ಸಂಕಲನದಲ್ಲಿದ್ದ ಬ್ಲೈಂಡ್ ಲೆಮನ್ ಜೆಫರ್ಸನನ ಹಾಡೊಂದು ಇದೆ. ಆರಿಸುವವನು ಮಾಡಬಹುದಾದ ಉಪಕಾರ ಎಷ್ಟೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ತಟ್ಟೆಗಳ ಹಕ್ಕು ಬೇರೆ ಬೇರೆ ಕಂಪೆನಿಗಳಿಗೆ ಸೇರಿದ್ದಿತು. ಅವುಗಳ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆಯೇ ಸಂಕಲನವು ಹೊರಬಂದಿತು. ಹಾಡಿದವರಲ್ಲಿ ಬದುಕಿದ್ದವರಿಗೂ ಅದರಿಂದ ಆಗ ಏನೂ ಸಲ್ಲಲಿಲ್ಲ. ಕಂಪೆನಿಗಳು ತಾವೇ ಮರೆತದ್ದನ್ನು ಇವನು ಉಳಿಸಿದನೆಂಬುದು ನಿಜವಾದರೂ, ಗಾಯಕನ ಋಣವು ಋಣವೇ. ಎರಡನೆಯದಾಗಿ, ಹುಡುಗತನದಲ್ಲಿ ಲಮ್ಮಿ ಜನರ ಹಾಡುಗಳನ್ನು ಅಷ್ಟು ಆದರದಿಂದ ಕೇಳಿದವನು, ಅಂಗಡಿಗಳಲ್ಲಿ ಮಾರಾಟವಾದ ತಟ್ಟೆಗಳಿಗೇ ತನ್ನ ಆಯ್ಕೆಯನ್ನು ಮಿತಿಗೊಳಿಸಿದ್ದರಿಂದ, ಆ ನೆಲದ ಮೂಲನಿವಾಸಿಗಳ ಧ್ವನಿಯೇ ಅಮೆರಿಕದ ಹೆಸರನ್ನು ಹೊತ್ತ ಸಂಕಲನದಲ್ಲಿ ಇಲ್ಲವಾಯಿತು. ಮೂರನೆಯದು ರುಚಿಯ ಮಾತು. ಮುಖಪತ್ರದ ಮೇಲೆ ರಾಬರ್ಟ್ ಫ್ಲಡ್ ಎಂಬ ಹಳೆಯ ಆಂಗ್ಲ ವೈದ್ಯನ ಗ್ರಂಥದಿಂದ ತೆಗೆದ, ದೇವರ ಹಸ್ತವು ವಿಶ್ವವೀಣೆಯ ತಂತಿಯನ್ನು ಬಿಗಿಯುವ ಚಿತ್ರವಿದೆ. ಮೂರು ಭಾಗಗಳಿಗೆ ಜಲ, ಅಗ್ನಿ, ವಾಯುಗಳ ಬಣ್ಣಗಳಿವೆ. ಹಳ್ಳಿಯ ಹಾಡಿಗೆ ಈ ಗುಹ್ಯವಿದ್ಯೆಯ ಹೊದಿಕೆ ಬೇಕಿತ್ತೇ ಎಂದು ಕೆಲವರು ಕೇಳಬಹುದು. ನನಗೂ ಅದು ತುಸು ಅತಿಯೆನಿಸುತ್ತದೆ. ಆದರೆ ತಟ್ಟೆಯು ತಿರುಗತೊಡಗಿದ ಮೇಲೆ ಚಿತ್ರವು ಮರೆತುಹೋಗುತ್ತದೆ.

ಆಯ್ಕೆ ಎಂದರೆ ಏನೆಂಬುದನ್ನು ಪರೀಕ್ಷಿಸಲು ನಮಗೆ ಇನ್ನೊಂದು ಅನುಕೂಲ ಒದಗಿದೆ. 2020ರಲ್ಲಿ ಅಟ್ಲಾಂಟಾದ ಡಸ್ಟ್-ಟು-ಡಿಜಿಟಲ್ ಎಂಬ ಪ್ರಕಾಶನದವರು, ಸ್ಮಿತ್ತನು ಆರಿಸಿದ ಅವೇ ತಟ್ಟೆಗಳ ಹಿಂಬದಿಯ ಹಾಡುಗಳನ್ನು ಅದೇ ಕ್ರಮದಲ್ಲಿ ಪ್ರಕಟಿಸಿದರು. ಜನಾಂಗನಿಂದೆಯ ಮಾತುಗಳಿದ್ದ ಮೂರನ್ನು ಬಿಟ್ಟುಬಿಟ್ಟರು. ಅವೇ ಗಾಯಕರು, ಅದೇ ದಿನಗಳ ಹಾಡಿಕೆ, ಅದೇ ನಾದ. ಬಿಡಿಬಿಡಿಯಾಗಿ ಕೇಳಿದರೆ ಎಷ್ಟೋ ಹಾಡುಗಳು ಮೊದಲಿನವಕ್ಕೆ ಸಮನಾಗಿಯೇ ಇವೆ. ಆದರೆ ಒಂದು ಹಾಡು ಮುಂದಿನ ಹಾಡನ್ನು ಕೈಹಿಡಿದು ಕರೆಯುವ ಆ ಗುಣವು ಅಲ್ಲಿ ಅಪರೂಪ. ಏಕೆಂದರೆ, ಆ ಕ್ರಮವನ್ನು ಮಾಡಿದ್ದು ಬೇರೆ ಮಗ್ಗುಲಿಗಾಗಿ. ಸಾದೃಶ್ಯವೆಲ್ಲವೂ ಇದ್ದು ಅಭಿಪ್ರಾಯವಿಲ್ಲದೆ ಹೋದರೆ ಏನಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು.

ಈಗ ಮಿತ್ರರ ಪ್ರಶ್ನೆಗೆ ಬರೋಣ. ಇಂದಿನ ಸಂಗೀತವಾಹಿನಿಗಳಲ್ಲಿ ಅಲ್ಗಾರಿದಮ್ ಎಂಬ ಗಣಿತಕ್ರಮವು ನಮಗಾಗಿ ಹಾಡುಗಳನ್ನು ಜೋಡಿಸುತ್ತದೆ. ಸ್ಪಾಟಿಫೈ ಸಂಸ್ಥೆಯು 2015ರಲ್ಲಿ ಆರಂಭಿಸಿದ ವಾರದ ಪಟ್ಟಿಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಪ್ರತಿ ಸೋಮವಾರ ಒಬ್ಬೊಬ್ಬ ಚಂದಾದಾರನಿಗೂ ಅವನದೇ ಆದ 30 ಹಾಡುಗಳು. ಇದರ ಮುಖ್ಯವಾದ ಯುಕ್ತಿಯು ಸರಳವಾದುದು. ನೀವು ಮೆಚ್ಚಿದ ಹಾಡುಗಳನ್ನು ಮತ್ತಾರು ಮೆಚ್ಚಿದ್ದಾರೆ, ಅವರು ತಮ್ಮ ಪಟ್ಟಿಗಳಲ್ಲಿ ಅವುಗಳೊಡನೆ ಮತ್ತಾವುದನ್ನು ಸೇರಿಸಿದ್ದಾರೆ ಎಂಬುದನ್ನು ಯಂತ್ರವು ಲೆಕ್ಕ ಹಾಕಿ, ನೀವು ಕೇಳದಿರುವುದನ್ನು ನಿಮ್ಮ ಮುಂದಿಡುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಯಂತ್ರವು ಮೇಯುವ ಹುಲ್ಲು ಮನುಷ್ಯರು ಮಾಡಿದ ಪಟ್ಟಿಗಳೇ. ಎಲ್ಲಿಯೋ ಒಬ್ಬನು ತನ್ನ ಗೆಳೆಯನಿಗಾಗಿ ಪ್ರೀತಿಯಿಂದ ಎರಡು ಹಾಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟದ್ದರಿಂದಲೇ ಯಂತ್ರಕ್ಕೆ ಆ ಎರಡರ ನಂಟು ತಿಳಿದದ್ದು. ಆರಿಸುವವರು ಇಲ್ಲವಾದರೆ, ಲೆಕ್ಕ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಇದರಿಂದ ಉಪಕಾರವಿಲ್ಲವೆಂದು ಹೇಳಲಾರೆನು. ಸಣ್ಣ ಊರಿನಲ್ಲಿ ಕುಳಿತ ಹುಡುಗನಿಗೆ ಹಿಂದೆ ದೊರೆಯದಿದ್ದ ಸಂಗೀತಭಂಡಾರವು ಇಂದು ಕೈಯಲ್ಲಿದೆ; ಯಂತ್ರವು ತೋರಿಸಿದ ಒಳ್ಳೆಯ ಹಾಡುಗಳನ್ನು ನಾನೂ ಕೇಳಿದ್ದೇನೆ. ಆದರೆ ಅದರ ದೃಷ್ಟಿ ಎತ್ತ ಎಂಬುದನ್ನು ಮರೆಯಬಾರದು. ಕೇಳುವವನು ಎದ್ದು ಹೋಗದಿರುವುದೇ ಅದಕ್ಕೆ ಗೆಲವು. ಈ ವಾಹಿನಿಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಕೇಳಿಕೆಯೆಂದು ಲೆಕ್ಕ. ಅದಕ್ಕೆ ಮೊದಲೇ ಬಿಟ್ಟರೆ ಸಂಭಾವನೆಯಿಲ್ಲ. ಹಾಗಿರುವಾಗ, ಮೆಲ್ಲನೆ ಅರಳುವ ಹಾಡಿಗೆ ತಾಳ್ಮೆ ಎಲ್ಲಿಂದ ಬರಬೇಕು? 2024ರಿಂದ ಇನ್ನೊಂದು ನಿಯಮವೂ ಬಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಮುದ್ರಿಕೆಗೆ ಅಲ್ಲಿ ಸಂಭಾವನೆಯ ಪಾಲಿಲ್ಲ. 1928ರ ಜಾನ್ ಹರ್ಟನಂಥವರು ಇಂದು ಹಾಡಿದರೆ ಯಾವ ಸಾಲಿಗೆ ಸೇರುವರೆಂಬುದನ್ನು ವಾಚಕರೇ ಊಹಿಸಬಹುದು. ಒಬ್ಬನಿಗೆ ಸಲ್ಲಬೇಕಾದ ಕೆಲವು ಕಾಸುಗಳು ಇಲ್ಲಿ ಸಣ್ಣ ಮಾತು. ಕೇಳದವರನ್ನು ಕೇಳುವಂತೆ ಮಾಡುವ ಹೊಣೆಯನ್ನು ಯಾರು ಹೊರಬೇಕು ಎಂಬುದು ದೊಡ್ಡ ಮಾತು.

ಅಭಿರುಚಿಯು ಬೆಳೆಯುವುದು ಸಾದೃಶ್ಯದಿಂದ ಮಾತ್ರವಲ್ಲ, ವೈದೃಶ್ಯದಿಂದಲೂ. ನಮ್ಮ ಸಂಗೀತಗಾರರು ಇದನ್ನು ಚೆನ್ನಾಗಿ ಬಲ್ಲರು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕಚೇರಿಯ ಪದ್ಧತಿಯನ್ನು ನೋಡಿರಿ. ವರ್ಣದಿಂದ ಆರಂಭ, ಚುರುಕಾದ ಸಣ್ಣ ಕೃತಿಗಳು, ವಿಸ್ತಾರವಾದ ರಾಗಾಲಾಪನೆ, ಪಲ್ಲವಿ, ಅದರ ಭಾರವು ಇಳಿಯುವಂತೆ ಪದ, ಜಾವಳಿ, ದೇವರನಾಮ, ಕಡೆಗೆ ಮಂಗಳ. ಒಂದೇ ಬಗೆಯ ಹತ್ತು ಕೃತಿಗಳನ್ನು ಸಾಲಾಗಿ ಹಾಡಿದರೆ ಮೆಚ್ಚಿದ್ದೂ ಬೇಸರವಾಗುತ್ತದೆಂಬ ಅರಿವು ಇದರ ಹಿಂದೆ ಇದೆ. ಹಾಗೆಂದು ಬೇರೆಬೇರೆಯದನ್ನೆಲ್ಲ ಒಂದೆಡೆ ಸುರಿದರೆ ಸಂಕಲನವಾಗದು, ಕಲಸುಮೇಲೋಗರವಾಗುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವೇ ಇಲ್ಲಿಯೂ ಪ್ರಮಾಣ. ಆಂಗ್ಲ ದೇಶದ ಬಿ.ಬಿ.ಸಿ.ಯಲ್ಲಿ 1967ರಿಂದ 2004ರಲ್ಲಿ ತಾನು ಸಾಯುವವರೆಗೆ ಹಾಡುಗಳನ್ನು ಆರಿಸಿ ಕೇಳಿಸಿದ ಜಾನ್ ಪೀಲನು ಈ ಕುಲಕ್ಕೆ ಸೇರಿದವನು. ಮನೆಯ ಹಿಂದಿನ ಕೊಠಡಿಯಲ್ಲಿ ಹುಡುಗರು ಮಾಡಿದ ಗದ್ದಲದ ಹಾಡು, ಆಫ್ರಿಕದ ಜಿಂಬಾಬ್ವೆಯ ಗಿಟಾರುಗಳು, ಹಳೆಯ ಜನಪದ ಗೀತ, ಎಲ್ಲವೂ ಅವನ ಒಂದೇ ರಾತ್ರಿಯಲ್ಲಿ ಬರುತ್ತಿದ್ದುವು. ಕೆಲವೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ಹಾಕಿ, ತಪ್ಪಾಯಿತೆಂದು ಹೇಳಿ ಸರಿಪಡಿಸುತ್ತಿದ್ದನು. ಕೇಳುವವರಿಗೆ ಅದು ದೋಷವೆನಿಸಲಿಲ್ಲ. ತಮಗಾಗಿ ಒಬ್ಬ ಮನುಷ್ಯನು ಅಲ್ಲಿ ಕುಳಿತಿದ್ದಾನೆಂಬ ನಂಬಿಕೆಯು ಅದರಿಂದ ಹೆಚ್ಚಿತು.

ಕೊನೆಯದಾಗಿ ನನ್ನ ಅನುಭವದ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳಿಂದ ನಾವು ಐದಾರು ಜನ, ತಿಂಗಳಿಗೊಮ್ಮೆ ಮಿತ್ರರೊಬ್ಬರ ಮನೆಯ ಜಗುಲಿಯಲ್ಲಿ ಕೂಡಿ, ಸರದಿಯಂತೆ ಒಬ್ಬೊಬ್ಬರು ಹಾಡುಗಳನ್ನು ಆರಿಸಿ ತಂದು ಕೇಳಿಸುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ನನ್ನ ಸರದಿ ಬಂದಾಗ, ನಮ್ಮ ಸೀಮೆಯ ಬೀಸುವ ಪದಗಳ ನಂತರ ‘ಹೌಸ್ ಕಾರ್ಪೆಂಟರ್’ ಹಾಡನ್ನು ಇಟ್ಟು, ಸ್ಮಿತ್ತನ ಕ್ರಮವನ್ನೇ ಅನುಸರಿಸಿ ಅದರ ಬೆನ್ನಿಗೆ ಕುಡುಕನ ಹಾಸ್ಯದ ಹಾಡನ್ನು ಇಟ್ಟಿದ್ದೆನು. ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿದ್ದೆನು. ಹಾಡು ಮುಗಿಯಿತು. ಮಿತ್ರರ ತಾಯಿಯವರು, ಎಂಬತ್ತು ದಾಟಿದವರು, ಬಾಗಿಲ ಬಳಿ ಕುಳಿತು ಕೇಳುತ್ತಿದ್ದವರು, “ಅಲ್ಲಪ್ಪಾ, ಆ ಕೂಸನ್ನ ಆಮೇಲೆ ಯಾರು ಸಾಕಿದರು?” ಎಂದು ಕೇಳಿದರು.

ನೂರಾರು ವರ್ಷಗಳಿಂದ ಸಮುದ್ರದ ಎರಡು ದಡಗಳಲ್ಲಿಯೂ ಹಾಡಿಕೊಂಡು ಬಂದ ಆ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ನಮ್ಮಲ್ಲಿಯೂ ಯಾರೂ ಮಾತನಾಡಲಿಲ್ಲ. ಮುಂದಿನ ಹಾಡು ಸಿದ್ಧವಾಗಿತ್ತು. ಅದು ಒಳ್ಳೆಯ ಹಾಡೆಂಬುದರಲ್ಲಿ ಸಂಶಯವೂ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ, ಆ ಮುಖವನ್ನು ನೋಡಿಕೊಂಡು, ನಗೆಯ ಹಾಡನ್ನು ಹಾಕಲು ನನಗೆ ಕೈ ಬರಲಿಲ್ಲ. ಯಂತ್ರವನ್ನು ನಿಲ್ಲಿಸಿದೆನು. ಆ ತಾಯಿ ತಮ್ಮ ತಂಗಿಯ ಮಗುವೊಂದನ್ನು ತಾವೇ ಸಾಕಿದ ಸಂಗತಿಯನ್ನು ಮೆಲ್ಲನೆ ಹೇಳಿದರು. ಅರ್ಧ ಗಂಟೆ ಕಳೆದ ಮೇಲೆ ಅವರೇ, “ಇನ್ನೊಂದು ಹಾಕಪ್ಪ” ಎಂದರು. ಆಗ ಹಾಸ್ಯದ ಹಾಡನ್ನು ಹಾಕಿದೆನು. ಎಲ್ಲರಿಗಿಂತ ಹೆಚ್ಚಾಗಿ ಅವರೇ ನಕ್ಕರು.

ಸ್ಮಿತ್ತನ ಕ್ರಮವು ತಪ್ಪೆಂದು ಇದರಿಂದ ಹೇಳಿದಂತಾಗಲಿಲ್ಲ. ಅವನು ಕಾಣದ ಸಾವಿರ ಜನಕ್ಕಾಗಿ ಕಟ್ಟಿದನು. ನಾನು ಕಂಡ ಆರು ಜನಕ್ಕಾಗಿ ಕಟ್ಟಿದ್ದೆನು. ಕರುಣದ ಬಳಿಕ ಹಾಸ್ಯವೆಂಬ ಅವನ ತಿಳಿವಳಿಕೆ ಸರಿಯಾಗಿಯೇ ಇತ್ತು. ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ಮಾತ್ರ ಆ ಜಗುಲಿಯೇ ಹೇಳಬೇಕಾಗಿತ್ತು. ಯಂತ್ರದ ಪಟ್ಟಿಯಲ್ಲಿ ನಿಲ್ಲಿಸಿದ ಆ ಅರ್ಧ ಗಂಟೆಯು ಕೇಳುವವರು ಬೇಸತ್ತು ಎದ್ದುಹೋದ ಗುರುತಾಗಿ ಲೆಕ್ಕಕ್ಕೆ ಸೇರುತ್ತಿತ್ತು. ನಮ್ಮ ಲೆಕ್ಕದಲ್ಲಿ ಆ ಸಂಜೆಯ ಬಹುಭಾಗವು ಅದೇ ಆಗಿತ್ತು. ನಮ್ಮ ಜಿಲ್ಲೆಯಲ್ಲಿಯೂ ಹಾಡುವವರು ಬಹುಮಂದಿ ಇದ್ದಾರೆ. ಅವರ ಮುದ್ರಿಕೆಗಳೂ ಅಲ್ಲಲ್ಲಿ ಬಿದ್ದಿವೆ. ಅವುಗಳನ್ನು ಹುಡುಕಿ, ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು, ನೆರೆಹೊರೆಯ ನಾಲ್ಕು ಜನರನ್ನು ಕೂರಿಸಿ ಕೇಳಿಸುವ ಕೆಲಸಕ್ಕೆ ವಾಚಕರಲ್ಲಿ ಕೆಲವರಾದರೂ ಕೈಹಾಕಿದರೆ ಈ ಬರಹದ ಶ್ರಮವು ಸಾರ್ಥಕವಾದಂತೆ.